ಅಕ್ಕನ ಮಿದುಳು ನೋಡಲು ಹೋದದ್ದು

ಮಧುಗಿರಿ

ಪರದೇಶಕ್ಕೆ ಹೋಗಿ ಬಂದವರು ಅರಮನೆ ನೋಡಿದೆವು, ಹಿಮ ನೋಡಿದೆವು ಎಂದು ಬರೆಯುತ್ತಾರೆ. ನಾನು ಫಿನ್ಲೆಂಡಿಗೆ ಹೋದದ್ದು ನಮ್ಮಕ್ಕನ ಮಿದುಳು ನೋಡುವುದಕ್ಕೆ. ಹೀಗಂತ ಹೇಳಿದ್ದರೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿದ್ದವರು ಮೊದಲು ನನ್ನ ಮಿದುಳಿನ ಮೇಲೆಯೇ ಅನುಮಾನ ಪಡುತ್ತಿದ್ದರು. ಹಾಗಾಗಿ ಕೇಳಿದವರಿಗೆಲ್ಲ, ದಸರಾ ರಜೆ, ಅಕ್ಕತಂಗಿ ಇಬ್ಬರೂ ಸುತ್ತಾಡಿಕೊಂಡು ಬರುತ್ತೇವೆ ಎಂದಷ್ಟೇ ಹೇಳಿ ಹೊರಟೆ.

ನಾನು ರತ್ನಮ್ಮ, ಕೊಡಿಗೇನಹಳ್ಳಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮೇಡಂ. ಅಕ್ಕ ಗಂಗಮ್ಮ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳನ್ನು ಕೊಟ್ಟದ್ದು ಪಾವಗಡದ ತಿರುಮಣಿಗೆ. ಅವರ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ ಮನೆ ಮುಂದೆ ಬಳೆ ಅಂಗಡಿ ಇಟ್ಟುಕೊಂಡಿದ್ದಾಳೆ. ಬಳೆ ನಮ್ಮ ತವರಿನ ಕಸುಬು. ಮಿಡಿಗೇಶಿಯ ನಮ್ಮಪ್ಪ ಸಿರಾದ ಸಗಟು ಅಂಗಡಿಯಿಂದ ಗಾಜಿನ ಬಳೆ ತಂದು, ಹಗ್ಗಕ್ಕೆ ಪೋಣಿಸಿ ಮಲಾರ ಕಟ್ಟಿ ಹೆಗಲಿಗೆ ಹಾಕಿಕೊಂಡು, ಕೊರಟಗೆರೆಯಿಂದ ಪಾವಗಡದವರೆಗೆ ಊರೂರು ತಿರುಗುತ್ತಿದ್ದರು. ಬಳೆ ತೊಡಿಸುವುದು ನೋಡಿದಷ್ಟು ಸುಲಭವಲ್ಲ. ಎದುರಿಗೆ ಕೂತವಳ ಕೈಯನ್ನು ಮೆಲ್ಲಗೆ ಒತ್ತಿ, ಮಡಿಸಿ, ಅವಳು ಮಾತಿನಲ್ಲಿ ಮೈಮರೆತಾಗ ಗಾಜನ್ನು ಗೆಣ್ಣಿನ ಮೇಲಿಂದ ಜಾರಿಸಿಬಿಡಬೇಕು.

ಒಂದು ಮದುವೆ ಮನೆಯಲ್ಲಿ ಅಪ್ಪನ ಕೈ ನಡುಗಿ, ಮದುವೆ ಹೆಣ್ಣಿನ ಬಳೆ ಒಡೆದು ರಕ್ತ ಬಂತು. ಅಪಶಕುನ ಅಂದರು. ಅಲ್ಲಿಂದಾಚೆಗೆ ಹೆಂಗಸರು ಅಪ್ಪನ ಹತ್ತಿರ ಬಳೆ ತೊಡಿಸಿಕೊಳ್ಳುವುದನ್ನು ಬಿಟ್ಟರು. ಅಪ್ಪ ನಡುಗುವ ಕೈಯನ್ನು ಟವಲ್ಲಿನ ಕೆಳಗೆ ಬಚ್ಚಿಟ್ಟುಕೊಂಡು ಜಗುಲಿ ಹಿಡಿದರು. ಕೊರಟಗೆರೆ ಕಡೆಯ ನಾಟಿ ವೈದ್ಯರು ಕೊಟ್ಟ ನಸುಗುನ್ನಿ ಬೀಜದ ಪುಡಿಯಿಂದ ಕೊಂಚ ದಿನ ಸುಧಾರಿಸಿದರು. ಇದಕ್ಕೆ ಪಾರ್ಕಿನ್ಸನ್ ಕಾಯಿಲೆ ಅಂತ ಹೆಸರು ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಅಪ್ಪ ಹೊಸ್ತಿಲ ಮುಂದೆ ಬಂದು, ದಾಟಲಾಗದೆ, ಕಾಲು ನೆಲಕ್ಕೆ ಅಂಟಿದವರ ಹಾಗೆ ನಿಂತುಬಿಡುತ್ತಿದ್ದರು.

ಈಗ ಅಕ್ಕನ ಕೈ ನಡುಗತೊಡಗಿತ್ತು. ಟೀ ಲೋಟ ಎತ್ತಿದರೆ ಅರ್ಧ ಟೀ ಸೀರೆಗೆ. ಬಳೆ ತೊಡಿಸಲು ಕೂತರೆ ಗಾಜು ಗಲಗಲ ಅನ್ನುತ್ತಿತ್ತು. ಬೆಂಗಳೂರಿನ ಡಾಕ್ಟರು, ಅಪ್ಪನ ಕಾಯಿಲೆಯೇ ಇರಬಹುದು, ಬರೀ ನಡುಕವೂ ಇರಬಹುದು, ಮಿದುಳಿನ ಒಂದು ಬಗೆಯ ಸ್ಕ್ಯಾನ್ ಮಾಡಿಸಿದರೆ ತಿಳಿಯುತ್ತದೆ ಅಂದರು. ಅದೇ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿನಿ ನಾಗವೇಣಿಯ ಫೋನು ಬಂತು. ಮಿಡಿಗೇಶಿ ಕೋಟೆಯ ಕೆಳಗೆ ಬೆಳೆದ ಹುಡುಗಿ ಈಗ ಫಿನ್ಲೆಂಡಿನ ತುರ್ಕು ಎಂಬ ಊರಿನಲ್ಲಿ ಮಿದುಳಿನ ಚಿತ್ರ ತೆಗೆಯುವ ಸಂಶೋಧನೆಯಲ್ಲಿದ್ದಾಳೆ. ಕೈ ನಡುಗುವುದಕ್ಕೆ ಎಷ್ಟೋ ಮೊದಲೇ ಈ ಕಾಯಿಲೆಯನ್ನು ಮಿದುಳಿನೊಳಗೆ ಪತ್ತೆ ಮಾಡಬಹುದೇ ಎಂಬುದು ಅವರ ಹುಡುಕಾಟ. ಕಾಯಿಲೆ ಬಂದ ಮನೆತನದ ಒಡಹುಟ್ಟಿದವರನ್ನು ಜೋಡಿಯಾಗಿ ಕರೆಸುತ್ತಿದ್ದರು. ಅಕ್ಕನದು ನಡುಗುವ ಕೈ. ಅವಳ ಚಿತ್ರದ ಪಕ್ಕ ಇಟ್ಟು ಹೋಲಿಸಲು ಗಟ್ಟಿಮುಟ್ಟಾದ ತಂಗಿಯಾಗಿ ನಾನು ಬೇಕಾಗಿದ್ದೆ.

ಅಕ್ಕ ಒಪ್ಪಿದಳು, ಆದರೆ ಒಂದು ಮಾತು ಮೊದಲೇ ಹೇಳಿಬಿಟ್ಟಳು. "ಇದು ಅಪ್ಪುಂದೇ ಕಾಯ್ಲೆ ಅಂತಾದ್ರೆ ಅಂಗಡಿ ಮುಚ್ಚಿಬುಡ್ತೀನಿ ಕಣೇ ರತ್ನಿ. ಇನ್ನೊಬ್ರ ಮನೆ ಮದ್ವೆ ಹೆಣ್ಣಿನ ಕೈ ಕುಯ್ಯಕ್ಕೆ ನನ್ ಕೈಲಾಗಲ್ಲ."

ಹೆಲ್ಸಿಂಕಿ ವಿಮಾನ ನಿಲ್ದಾಣ

ಇಳಿದ ಕೂಡಲೇ ನಮ್ಮನ್ನು ತಡೆದದ್ದು ಹುಚ್ಚೆಳ್ಳು ಪುಡಿ. ಅಕ್ಕ ಬೇಡವೆಂದರೂ ಕೇಳದೆ ಚಟ್ನಿಪುಡಿ, ಇಂಗು, ಹುರಿದ ಕಡಲೆಕಾಯಿ ಬೀಜ, ಸೀಗೆಪುಡಿ, ಕರ್ಪೂರ ಎಲ್ಲ ಕಟ್ಟಿಕೊಂಡಿದ್ದಳು. ಅಧಿಕಾರಿ ಕರಿ ಪುಡಿಯ ಪೊಟ್ಟಣವನ್ನು ಎತ್ತಿ ಹಿಡಿದು ಇದೇನು ಎಂದು ಕೇಳಿದ. ಹುಚ್ಚೆಳ್ಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂಬುದು ವಿಜ್ಞಾನದ ಮೇಡಂಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಅಕ್ಕ ಅವನ ಕೈಯಿಂದಲೇ ಪೊಟ್ಟಣ ತೆಗೆದುಕೊಂಡು, ಒಂದು ಚಿಟಿಕೆ ಬಾಯಿಗೆ ಹಾಕಿ, ಇನ್ನೊಂದು ಚಿಟಿಕೆಯನ್ನು ಅವನ ಮುಂದೆ ಹಿಡಿದಳು. ಕೈ ನಡುಗಿ ಅರ್ಧ ಪುಡಿ ಅವನ ಮೇಜಿನ ಮೇಲೆ ಬಿತ್ತು. ಅವನು ಹೆದರಿದ ಮುದುಕಿಯೆಂದು ತಿಳಿದನೋ ಏನೋ, ಬಹಳ ಮೆತ್ತಗೆ ಹೋಗಿ ಎಂದು ಕೈ ಮಾಡಿದ.

ತುರ್ಕುವಿಗೆ ಹೋಗುವ ಬಸ್ಸಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಒಂದು ಸೀಟಿಗೆ ಒಬ್ಬರಂತೆ ಕೂತಿದ್ದರು. ನಮ್ಮ ಪಾವಗಡದ ಬಸ್ಸಿನಲ್ಲಿ ಇಷ್ಟು ಹೊತ್ತಿಗೆ ಪಕ್ಕದವರ ಮಗಳ ಸಂಬಂಧ ಕುದುರಿ, ಮುರಿದು, ಮತ್ತೆ ಕುದುರಿರುತ್ತಿತ್ತು. ಕಿಟಕಿಯಾಚೆ ಹಳದಿ ಎಲೆಯ ಕಾಡು ಮುಗಿಯದೆ ಓಡುತ್ತಿತ್ತು. ಎಲ್ಲಿಯೂ ಒಂದು ಬಂಡೆಗುಡ್ಡವಿಲ್ಲ, ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ದಿನಾ ನೋಡುವ ಕಣ್ಣಿಗೆ ಏನೋ ಕಳೆದುಕೊಂಡಂತಾಗಿತ್ತು.

ತುರ್ಕು, ಮೊದಲ ಬೆಳಗು

ನಮಗೆ ಕೊಟ್ಟಿದ್ದು ಅತಿಥಿಗಳ ಒಂದು ಪುಟ್ಟ ಮನೆ. ಒಂದೇ ದೊಡ್ಡ ಮಂಚ. ಬೆಳಗ್ಗೆ ಎದ್ದರೆ ಅಕ್ಕ ನೆಲದ ಮೇಲೆ ಹಾಸಿಕೊಂಡು ಮಲಗಿದ್ದಳು. ನಾನು ನಿದ್ದೆಯಲ್ಲಿ ಯಾರಿಗೋ ಬೈಯುತ್ತಾ ಅವಳ ಪಕ್ಕೆಗೆ ಒದ್ದೆನಂತೆ. ಕನಸಿನಲ್ಲೂ ಹೋಮ್‌ವರ್ಕ್ ಮಾಡದವರನ್ನು ಹೊಡೆಯುತ್ತೀಯಾ, ನಿನ್ನ ಗಂಡ ಹೆಂಗೆ ಬಾಳಾಟ ಮಾಡ್ತಾನೆ ಎಂದು ರೇಗಿಸಿದಳು. ನಿಜವಾಗಿ ನಮ್ಮ ಯಜಮಾನರು ಈಚೆಗೆ ಹಜಾರದಲ್ಲೇ ಮಲಗುತ್ತಿದ್ದರು, ಗೊರಕೆಗೆಂದು ನಾನು ತಿಳಿದಿದ್ದೆ.

ರೊಟ್ಟಿ ಮಾಡೋಣವೆಂದು ಒಲೆ ಹಚ್ಚಿದೆ. ತವಾದ ಮೇಲೆ ರೊಟ್ಟಿ ಹಾಕಿ, ಪಕ್ಕದಲ್ಲೇ ನಿಂತು, ಕಿಟಕಿಯಿಂದ ರಸ್ತೆಯ ಕಡೆ ನೋಡುತ್ತಿದ್ದೆ. ಬಸ್‌ಸ್ಟಾಪಿನಲ್ಲಿ ಜನ ಎರಡೆರಡು ಮಾರು ದೂರ ದೂರ ನಿಂತಿದ್ದರು, ಜಗಳವಾಡಿಕೊಂಡ ದಾಯಾದಿಗಳಂತೆ. ಅದನ್ನೇ ನೋಡುತ್ತಾ ಮೈಮರೆತಿದ್ದಾಗ ಅಕ್ಕ ಬಚ್ಚಲಿನಿಂದ ಕೂಗುತ್ತಾ ಓಡಿ ಬಂದಳು. ರೊಟ್ಟಿ ಕರಕಲಾಗಿ ಹೊಗೆ ಮೇಲೆದ್ದಿತ್ತು. ಹೊಗೆ ಎದ್ದರೆ ಎಚ್ಚರಿಸುವ ಗೋಡೆಯ ಗಂಟೆ ಬಡಿದುಕೊಳ್ಳತೊಡಗಿತು. ಪಕ್ಕದ ಮನೆಯ ಅಜ್ಜ ಬಂದು, ಒಂದು ಮಾತೂ ಆಡದೆ ಕುರ್ಚಿ ಹತ್ತಿ ಗಂಟೆ ನಿಲ್ಲಿಸಿ, ತಲೆಬಾಗಿ ಹೋದ. ಬಂದಾಗ ಬೂಟನ್ನು ಬಾಗಿಲ ಹೊರಗೇ ಬಿಟ್ಟಿದ್ದ. ಅಕ್ಕ ಆಗಲೇ ಅವರಿಗೆ ಸರ್ಟಿಫಿಕೇಟು ಕೊಟ್ಟಳು: ಮಾತು ಕಮ್ಮಿಯಾದರೂ ಮನೆಯೊಳಗೆ ಮೆಟ್ಟು ಹಾಕದ ಜನ, ನಮ್ಮೋರೇ.

ಹೊಗೆ ನನಗೆ ಯಾಕೆ ತಿಳಿಯಲಿಲ್ಲ ಎಂದು ಅವಳು ಕೇಳಿದಳು. ಕೊರೋನಾ ಬಂದು ಹೋದಮೇಲೆ ನನ್ನ ಮೂಗು ಹಾಗೇ ಇದೆ ಅಂದೆ. ಎರಡು ಮೂರು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳುತ್ತಾ ಬಂದಿದ್ದೆ.

ಅರಿಶಿನದ ಕೊಂಬು

ಮರುದಿನ ಆಸ್ಪತ್ರೆಯಲ್ಲಿ ನಾಗವೇಣಿ ನಮ್ಮನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೆಲೆನಾ ಎಂಬ ಆ ಡಾಕ್ಟರಮ್ಮನನ್ನು ಜವಾನನಿಂದ ಹಿಡಿದು ಎಲ್ಲರೂ ಬರೀ ಹೆಲೆನಾ ಎಂದೇ ಕರೆಯುತ್ತಿದ್ದರು. ಅಕ್ಕನಿಗೆ ಇದು ಸರಿಬರಲಿಲ್ಲ. ಅವಳು ಕೊನೆಯವರೆಗೂ ಡಾಕ್ಟ್ರಮ್ಮ ಎಂದೇ ಕರೆದಳು, ಅವರೂ ಅದಕ್ಕೆ ಓಗೊಡುವುದನ್ನು ಕಲಿತರು. ಹೆಲೆನಾ ಅಕ್ಕನ ಕೈಯನ್ನು ತೊಡೆಯ ಮೇಲೆ ಇಡಿಸಿ ಬಹಳ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ನೀರು ತುಂಬಿದ ಲೋಟ ಎತ್ತಿಸಿದರು. ನನ್ನನ್ನೂ ಅದೇ ರೀತಿ ಪರೀಕ್ಷಿಸಿ, ನಡೆಸಿ ನೋಡಿ, ನಿಮ್ಮ ಚಿತ್ರದಲ್ಲಿ ಏನಾದರೂ ಕಂಡರೆ ನಿಮಗೆ ತಿಳಿಸಬೇಕೇ ಬೇಡವೇ ಎಂದು ಕೇಳಿದರು. ಧಾರಾಳವಾಗಿ ತಿಳಿಸಿ ಎಂದು ನಕ್ಕೆ. ನೋಡುವುದಕ್ಕೆ ಏನಿದೆ ಅಂತ ನನ್ನ ಲೆಕ್ಕ.

ಅವತ್ತು ಅಯಸ್ಕಾಂತದ ಯಂತ್ರದಲ್ಲಿ ಮಲಗಬೇಕಿತ್ತು. ಅದರೊಳಗೆ ಹೋಗುವವರು ಲೋಹದ ಒಂದು ಚೂರೂ ಮೈಮೇಲೆ ಇಟ್ಟುಕೊಳ್ಳುವಂತಿಲ್ಲ. ಗಾಜಿನ ಬಳೆಗೆ ತಕರಾರಿಲ್ಲ. ಆದರೆ ತಾಳಿ, ಕಾಲುಂಗುರ ತೆಗೆಯಬೇಕು ಎಂದಾಗ ಅಕ್ಕ ಎದ್ದು ನಿಂತಳು. ಊರಲ್ಲಿ ಭಾವ ಗುಂಡುಕಲ್ಲಿನಂತೆ ಇರುವಾಗ ಬರಿಗೊರಳಲ್ಲಿ ಮಲಗುವುದಿಲ್ಲ, ಯಂತ್ರವನ್ನು ಬೇಕಾದರೆ ಆರಿಸಿ ಎಂದು ನಾಗವೇಣಿಗೆ ಹೇಳಿದಳು. ಅಷ್ಟು ದೂರ ಬಂದು ಕೆಲಸ ಇಲ್ಲೇ ಕೆಡುತ್ತದೆ ಎಂದು ನನಗೆ ಸಿಟ್ಟು ನೆತ್ತಿಗೇರಿತು. ನಾಗವೇಣಿ ಮಾತ್ರ ಬ್ಯಾಗಿನಿಂದ ಒಂದು ಅರಿಶಿನದ ಕೊಂಬನ್ನೂ ನೂಲಿನ ದಾರವನ್ನೂ ತೆಗೆದಳು. ಇದಕ್ಕಾಗಿಯೇ ಅಂಗಡಿ ಅಂಗಡಿ ಹುಡುಕಿ ತಂದಿದ್ದಳಂತೆ. ತಾಳಿ ತೆಗೆಯಬೇಕಾಗಿ ಬಂದರೆ ಅರಿಶಿನದ ಕೊಂಬು ಕಟ್ಟಿಕೊಳ್ಳುವುದು ನಮ್ಮಲ್ಲಿ ಇದ್ದದ್ದೇ. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡು ಕಟ್ಟಿಕೊಂಡಳು. "ಇವ್ಳು ನಮ್ ಮಿಡ್ಗೇಸಿ ಮಗ ಕಣೇ," ಎಂದು ಮಲಗಲು ಹೋದಳು.

ಯಂತ್ರ ಗುಡುಗಿತು, ಕುಟ್ಟಿತು, ಬಂಡೆ ಒಡೆಯುವವರ ಹಾಗೆ ಸದ್ದು ಮಾಡಿತು. ಗಾಜಿನ ಈಚೆ ಪರದೆಯ ಮೇಲೆ ಅಕ್ಕನ ತಲೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಾ ಹೋಯಿತು. ಎಲೆಕೋಸನ್ನು ಅಡ್ಡಕ್ಕೆ ಕೊಯ್ದಂಥ ಮಡಿಕೆಗಳು. ಇಷ್ಟು ವರ್ಷ ನನ್ನ ಜಡೆ ಹೆಣೆದ, ನನ್ನ ಜ್ವರಕ್ಕೆ ನಿದ್ದೆಗೆಟ್ಟ, ಭಾವನ ಜೊತೆ ಜಗಳವಾಡಿದ ಅಕ್ಕ ಇದರೊಳಗೆಲ್ಲೋ ಇದ್ದಳು. ನನಗೆ ಗರ್ಭಗುಡಿಯ ಬಾಗಿಲು ತೆಗೆದಾಗ ಆಗುವಂಥ ಭಾವನೆ ಬಂದು, ಅರಿವಿಲ್ಲದೆ ಚಪ್ಪಲಿ ಬಿಟ್ಟು ನಿಂತಿದ್ದೆ.

ಆದರೆ ಆ ಯಂತ್ರ ಮಿದುಳಿನ ಆಕಾರವನ್ನಷ್ಟೇ ತೋರಿಸುತ್ತದಂತೆ. ಅಪ್ಪನ ಕಾಯಿಲೆ ಇದೆಯೋ ಇಲ್ಲವೋ ಎಂಬುದಕ್ಕೆ ಇನ್ನೊಂದು ಸ್ಕ್ಯಾನ್ ಆಗಬೇಕಿತ್ತು.

ಮೂಗಿನ ಪರೀಕ್ಷೆ

ಅದಕ್ಕೆ ಮುಂಚೆ ಮೂಗಿನ ಪರೀಕ್ಷೆ. ಈ ಕಾಯಿಲೆ ಬರುವವರಿಗೆ ಕೈ ನಡುಗುವುದಕ್ಕಿಂತ ಎಷ್ಟೋ ಮೊದಲು ವಾಸನೆ ಹೋಗುವುದುಂಟು ಎಂದು ನಾಗವೇಣಿ ಹೇಳಿದಳು. ಕಾಗದದ ಮೇಲಿನ ಚುಕ್ಕೆಯನ್ನು ಉಗುರಿನಿಂದ ಕೆರೆದು ಮೂಸಬೇಕು. ಅದು ಹೊಗೆಯಾಡಿಸಿದ ಮೀನೋ, ದಾಲ್ಚಿನ್ನಿ ಬನ್ನೋ, ಪೈನ್ ಮರದ ಡಾಂಬರೋ, ಅವರ ಕಾಡಿನ ಯಾವುದೋ ಹಣ್ಣೋ ಎಂದು ಆರಿಸಬೇಕು. ಅಕ್ಕ ಹೆಚ್ಚುಕಮ್ಮಿ ಎಲ್ಲವನ್ನೂ ತಪ್ಪು ಹೇಳಿದಳು. ನಾನೂ ಹಾಗೇ.

ನನಗೆ ರೇಗಿಹೋಯಿತು. ಜನ್ಮದಲ್ಲಿ ಮೂಸದ ಹಣ್ಣನ್ನು ಮೂಗಿಗೆ ಹಿಡಿದು, ಗುರುತಿಸದಿದ್ದರೆ ಕಾಯಿಲೆ ಎನ್ನುವುದು ಯಾವ ನ್ಯಾಯ? ಪಾಠ ಮಾಡದೆ ಪರೀಕ್ಷೆ ಕೊಟ್ಟ ಹಾಗೆ. ನಾಗವೇಣಿ ಒಪ್ಪಿದಳು. ಬೇರೆ ದೇಶದವರ ವಿಷಯದಲ್ಲಿ ಇದನ್ನು ಪೂರ್ತಿ ನಂಬುವುದಿಲ್ಲ ಎಂದು ಸಮಾಧಾನ ಮಾಡಿದಳು. ನನಗೆ ಅಷ್ಟು ಸಾಲದು. ಸಂಜೆ ಊಟಕ್ಕೆ ಬಾ, ನಮ್ಮೂರಿನ ಪರೀಕ್ಷೆ ನಾನು ಮಾಡಿ ತೋರಿಸುತ್ತೇನೆ, ಅಕ್ಕನ ಮೂಗು ಎಂಥದ್ದು ನೀನೇ ನೋಡು ಅಂದೆ.

ಅವಳು ಬಂದಾಗ ಅಕ್ಕನ ಗಂಟಿನಿಂದ ಒಂದೊಂದನ್ನೂ ಬಟ್ಟಲಿಗೆ ಹಾಕಿ ಸಾಲಾಗಿ ಇಟ್ಟೆ. ಅಕ್ಕ ಸೆರಗಿನಿಂದ ಕಣ್ಣು ಕಟ್ಟಿಕೊಂಡಳು. ಬಟ್ಟಲು ಮೂಗಿನ ಹತ್ತಿರ ಬರುವ ಮೊದಲೇ ಹೆಸರು ಹೇಳತೊಡಗಿದಳು. ಇಂಗು. ಸೀಗೆಪುಡಿ. ಕಡಲೆಕಾಯಿ ಬೀಜ, ಸ್ವಲ್ಪ ಸೀದಿದೆ. ಹುಚ್ಚೆಳ್ಳು ಪುಡಿ, ಇದರಲ್ಲಿ ಬೆಳ್ಳುಳ್ಳಿ ಕಮ್ಮಿ ಹಾಕಿದ್ದೇ ತಪ್ಪಾಯಿತು. ನಾನು ಗೆದ್ದವಳಂತೆ ನಾಗವೇಣಿಯ ಮುಖ ನೋಡಿದೆ. ಅವಳೂ ನಗುತ್ತಿದ್ದಳು.

"ಈಗ ನೀನು ಕುಂತ್ಕ," ಎಂದು ಅಕ್ಕ ನನ್ನ ಕಣ್ಣು ಕಟ್ಟಿದಳು.

ಮೊದಲನೆಯ ಬಟ್ಟಲು ಬಂತು. ಮೂಸಿದೆ. ಬರೀ ಗಾಳಿ. ಏನೂ ಇಲ್ಲದ ಬಟ್ಟಲು ಹಿಡಿದು ಆಟವಾಡುತ್ತೀಯಾ ಎಂದು ಕೇಳಿದೆ. ಎರಡನೆಯದೂ ಹಾಗೇ. ಇನ್ನೊಂದು ಬಂದಾಗ ಮೂಗಿನೊಳಗೆ ತಣ್ಣಗಾಯಿತು. ಕರ್ಪೂರ ಅಂದೆ. ವಾಸನೆಯಿಂದಲಾ, ತಂಪಿನಿಂದಲಾ ಎಂದು ನಾಗವೇಣಿ ಮೆಲ್ಲಗೆ ಕೇಳಿದಳು. ತಂಪಿನಿಂದಲೇ ಎಂದು ಒಪ್ಪಿಕೊಳ್ಳಬೇಕಾಯಿತು. ಕಣ್ಣು ಬಿಚ್ಚಿದರೆ ಮೊದಲನೆಯ ಬಟ್ಟಲಿನಲ್ಲಿ ಇಂಗಿತ್ತು. ಅಕ್ಕನ ಇಂಗು ಬೀದಿಯ ತುದಿಗೂ ಗೊತ್ತಾಗುವಂಥದ್ದು.

ಯಾವಾಗಿನಿಂದ ಹೀಗೆ ಎಂದು ನಾಗವೇಣಿ ಕೇಳಿದಳು. ಕೊರೋನಾ ಎಂದೆ. ಎಷ್ಟೋ ಜನಕ್ಕೆ ಹಾಗಾಗಿದೆ, ಅಷ್ಟರಿಂದಲೇ ಏನೂ ಹೇಳಲಾಗದು ಎಂದಳು. ಅಕ್ಕನಿಗೆ ಅನ್ನ ಬಡಿಸುತ್ತಾ ಬೇರೆ ಮಾತು ತೆಗೆದೆವು. ಆದರೆ ಕೊರೋನಾಕ್ಕಿಂತ ಮುಂಚೆಯೇ ಒಂದು ದಿನ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಮಲ್ಲಿಗೆಯ ಘಮ ಅನ್ನುವಾಗ ನಾನೊಬ್ಬಳೇ ಸುಮ್ಮನೆ ತಲೆಯಾಡಿಸಿದ್ದು ನನಗೆ ನೆನಪಾಗಿತ್ತು.

ಸೂಜಿ ಚುಚ್ಚಿಸಿಕೊಂಡ ದಿನ

ಥೈರಾಯ್ಡಿನ ರಕ್ಷಣೆಗೆಂದು ಇಬ್ಬರಿಗೂ ಅಯೋಡಿನ್ ಮಾತ್ರೆ ನುಂಗಿಸಿ, ತೋಳಿಗೆ ಸೂಜಿ ಚುಚ್ಚಿದರು. ಒಳಗೆ ಹೋದದ್ದು ಅತಿ ಸಣ್ಣ ಪ್ರಮಾಣದ ವಿಕಿರಣ ಸೂಸುವ ಔಷಧ. ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಸ ತಯಾರಿಸುವ ಜೀವಕೋಶಗಳಿವೆ. ನಮ್ಮ ಕೈಕಾಲು ನಾವು ಹೇಳಿದಂತೆ ಕೇಳುವುದು ಆ ರಸದಿಂದ. ಅಪ್ಪನ ಕಾಯಿಲೆಯಲ್ಲಿ ಸಾಯುವುದು ಅವೇ ಕೋಶಗಳು. ಈ ಔಷಧ ರಕ್ತದಲ್ಲಿ ತೇಲುತ್ತಾ ಹೋಗಿ, ಮೈಯೆಲ್ಲ ಸುತ್ತಿ, ಮಿದುಳಿನಲ್ಲಿ ಆ ಕೋಶಗಳ ತುದಿಯನ್ನು ಹುಡುಕಿ ಅಂಟಿಕೊಳ್ಳುತ್ತದೆ. ಕೋಶ ಬದುಕಿದ್ದ ಕಡೆ ಬೆಳಕು ಕಾಣುತ್ತದೆ. ಸತ್ತ ಕಡೆ ಕತ್ತಲೆ. ಇಷ್ಟನ್ನು ನಾಗವೇಣಿ ಅಕ್ಕನಿಗೆ ಹೇಳಿದಳು. ಮನೆ ಮನೆಗೆ ಹೋಗಿ ಯಾರಿದೀರಾ ಅಂತ ಬಾಗಿಲು ಬಡಿದಂಗೆ ಎಂದು ಅಕ್ಕ ತಲೆದೂಗಿದಳು. ನಾನು ಇದಕ್ಕಿಂತ ಚೆನ್ನಾಗಿ ಯಾವ ಮಕ್ಕಳಿಗೂ ಹೇಳಿಕೊಟ್ಟಿರಲಾರೆ.

ಔಷಧ ಅಂಟುವವರೆಗೆ ಕೆಲವು ಗಂಟೆ ಕಾಯಬೇಕು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತೆವು. ಅವರು ತಿನ್ನುವ ಕಪ್ಪು ರೊಟ್ಟಿ ರೈ ಎಂಬ ಧಾನ್ಯದ್ದು. ಅಕ್ಕನಿಗೆ ಅದು ರಾಗಿಯ ದೂರದ ನೆಂಟನಂತೆ ಕಂಡು, ಸಾರಿಲ್ಲವಲ್ಲ ಎಂದು ಕಾಫಿಯಲ್ಲಿ ಅದ್ದಿ ತಿಂದಳು. ಎದುರಿನ ಮೇಜಿನವರು ನೋಡಿಯೂ ನೋಡದವರಂತೆ ಕೂತಿದ್ದರು. ಅಕ್ಕನಿಗೆ ಟಾಯ್ಲೆಟ್ಟಿಗೆ ದಾರಿ ತೋರಿಸಿ ಬಂದ ನಾಗವೇಣಿ ನನ್ನ ಪಕ್ಕ ಕೂತಳು.

"ಮೇಡಂ, ನನ್ನ ಚಿತ್ರ ನಂಗೆ ತೋರಿಸ್ಬೇಡಿ ಅನ್ನೋಕೆ ನಿಮ್ಗೆ ಈಗ್ಲೂ ಅವಕಾಶ ಇದೆ."

"ಉತ್ತರ ಪತ್ರಿಕೆ ಕೊಡೋ ದಿನ ಸ್ಕೂಲಿಗೆ ಚಕ್ಕರ್ ಹಾಕ್ತಿದ್ದೋರ್ನ ನಾನು ಏನಂತಿದ್ದೆ?"

"ಪುಕ್ಕಲು ಅಂತಿದ್ರಿ."

"ಮತ್ತೆ?" ಅಂದೆ.

ಸ್ಕ್ಯಾನಿನ ಹಲಗೆಯ ಮೇಲೆ ತಲೆಗೆ ಪಟ್ಟಿ ಕಟ್ಟಿ ಮಲಗಿಸಿದರು. ಕ್ಯಾಮರಾದ ಎರಡು ದೊಡ್ಡ ಹಲಗೆಗಳು ಮುಖಕ್ಕೆ ತಾಗುವಷ್ಟು ಹತ್ತಿರ ಬಂದು ನಿಧಾನವಾಗಿ ತಲೆಯ ಸುತ್ತ ಪ್ರದಕ್ಷಿಣೆ ಹಾಕಿದವು. ಸದ್ದಿಲ್ಲ, ನೋವಿಲ್ಲ. ಅಪ್ಪನ ಕೈಯನ್ನು ಎಷ್ಟು ಜನ ನೋಡಿದರು, ಎಷ್ಟು ಜನ ಆಡಿಕೊಂಡರು. ಆ ಕೈಯ ಮೂಲ ತಲೆಯೊಳಗೆ ಎಲ್ಲಿದೆ ಎಂದು ಒಬ್ಬರೂ ನೋಡಲಿಲ್ಲ. ಅದು ನೆನಪಾಗಿ ಕಣ್ಣೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಳ್ಳಲು ಅಲುಗುವಂತಿರಲಿಲ್ಲ.

ಪರದೆಯ ಮುಂದೆ

ಎರಡು ದಿನದ ಮೇಲೆ ಹೆಲೆನಾ ನಮ್ಮನ್ನು ಕೂರಿಸಿ ಪರದೆ ಹಚ್ಚಿದರು. ಮೊದಲು ಅಕ್ಕನದು. ಕಪ್ಪು ಹಿನ್ನೆಲೆಯಲ್ಲಿ, ತಲೆಯ ನಟ್ಟನಡುವೆ, ಎಡಕ್ಕೊಂದು ಬಲಕ್ಕೊಂದು ಎರಡು ಬೆಳಕು. ಗುಂಡಗಿನ ತಲೆ, ಹಿಂದಕ್ಕೆ ಬಾಗಿದ ಬಾಲ. ಹೆಲೆನಾ ಅವನ್ನು ಅಲ್ಪವಿರಾಮದ ಚಿಹ್ನೆಗೆ ಹೋಲಿಸಿದರು. ಅಕ್ಕನಿಗೆ ಅದು ಬೇಡ. "ಮೊಳಕೆ ಕಟ್ಟಿದ ಹುಳ್ಳಿಕಾಳು ಕಣೇ," ಅಂದಳು. ನಿಜಕ್ಕೂ ಹಾಗೇ ಇತ್ತು, ಬಟ್ಟೆಯ ಗಂಟು ಬಿಚ್ಚಿದಾಗ ಕಾಣುವ ಎರಡು ಹುರುಳಿಕಾಳು, ಮೊಳಕೆಯೊಂದಿಗೆ. ಉರಿಯುತ್ತಿದ್ದವು.

ಎರಡೂ ತುಂಬಿಕೊಂಡಿವೆ, ಇವರ ಕೈ ನಡುಗುವುದು ಕೆಲಸ ಮಾಡುವಾಗ ಮಾತ್ರ, ಸುಮ್ಮನಿದ್ದಾಗ ಅಲ್ಲ, ಇದು ನಡುಕವಷ್ಟೇ, ಇವರ ತಂದೆಗೆ ಇದ್ದ ಕಾಯಿಲೆಯಲ್ಲ ಎಂದರು ಹೆಲೆನಾ. ನಡುಕ ಕಮ್ಮಿ ಮಾಡುವ ಮಾತ್ರೆಗಳಿವೆಯಂತೆ. ಅಕ್ಕ ನಾಗವೇಣಿಯಿಂದ ಆ ಮಾತನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು. ಆಮೇಲೆ "ಏಮೀ ಲೇದಾ?" ಎಂದು ತೆಲುಗಿನಲ್ಲಿ ಕೇಳಿದಳು. ಗಾಬರಿಗೂ ಸಂತೋಷಕ್ಕೂ ಅವಳಿಗೆ ಗಂಡನ ಮನೆಯ ಭಾಷೆಯೇ ಬರುವುದು. ಏನೂ ಇಲ್ಲ ಎಂದೆ. ಅಂಗಡಿ ಮುಚ್ಚಬೇಕಾಗಿಲ್ಲ ಎಂದು ತಿಳಿದ ಅವಳ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಆಮೇಲೆ ನನ್ನದು. ಎಡಗಡೆ ಕಾಳು, ಮೊಳಕೆ ಎರಡೂ ಇದ್ದವು. ಬಲಗಡೆ ಕಾಳು ಇತ್ತು. ಮೊಳಕೆ ಇರಬೇಕಾದ ಕಡೆ ಮಬ್ಬು.

ಯಾರೂ ಹೇಳಬೇಕಾಗಿರಲಿಲ್ಲ. ಹೆಲೆನಾ ಆದರೂ ಪ್ರತಿ ಮಾತನ್ನೂ ತೂಗಿ ಹೇಳಿದರು. ಇವತ್ತಿಗೆ ನಿಮಗೆ ಕಾಯಿಲೆ ಇದೆ ಎಂದು ನಾನು ಹೇಳಲಾರೆ, ನಿಮ್ಮ ಕೈ, ನಡಿಗೆ ಎಲ್ಲ ಸರಿಯಿದೆ. ಆದರೆ ಇಲ್ಲಿ ಬೆಳಕು ಕಮ್ಮಿಯಾಗುತ್ತಿದೆ. ಅದು ಹೊರಗೆ ಕಾಣಿಸಿಕೊಳ್ಳುವುದು ಬೇಗನೆಯೋ, ಬಹಳ ವರ್ಷದ ಮೇಲೋ, ಯಾರಿಗೂ ಗೊತ್ತಿಲ್ಲ. ಕೈ ನಡುಗುವ ಹೊತ್ತಿಗೆ ಈ ಕೋಶಗಳ ದೊಡ್ಡ ಪಾಲು ಹೋಗಿರುತ್ತದೆ, ಅದಕ್ಕೇ ನಾವು ಇಷ್ಟು ಮೊದಲು ಹುಡುಕುವುದು. ಆಮೇಲೆ ಅಕ್ಕನ ಕಡೆ ತಿರುಗಿ, ನಿಮ್ಮ ತಂಗಿ ಕನಸಿನಲ್ಲಿ ಕೈಕಾಲು ಬಡಿಯುತ್ತಾರೆಯೇ ಎಂದು ಕೇಳಿದರು. ಪಕ್ಕೆಗೆ ಒದ್ದ ಕಥೆಯನ್ನು ಅಕ್ಕ ನಗುತ್ತಲೇ ಶುರು ಮಾಡಿದಳು. ಹೆಲೆನಾ ನಗದೆ ಬರೆದುಕೊಳ್ಳುವುದನ್ನು ನೋಡಿ ಅರ್ಧಕ್ಕೆ ನಿಲ್ಲಿಸಿದಳು. ಅದೂ ಈ ಕಾಯಿಲೆಯ ಮುನ್ಸೂಚನೆಯಂತೆ.

ನನಗೆ ಭಯವಾಯಿತು. ಹೊಸ್ತಿಲ ಮುಂದೆ ನಿಂತ ಅಪ್ಪ ಕಣ್ಣ ಮುಂದೆ ಬಂದರು. ಆದರೂ ಆ ಪರದೆಯಿಂದ ಕಣ್ಣು ಕೀಳಲಾಗಲಿಲ್ಲ. ನಾನು ಹೇಳುವ ಪ್ರತಿ ಮಾತು, ಬರೆಯುವ ಪ್ರತಿ ಅಕ್ಷರ ಆ ಬೆಳಕಿನಿಂದ ಬರುತ್ತಿತ್ತು. ಅದು ಆರುತ್ತಿರುವುದನ್ನು ಕಂಡು ಹೆದರುತ್ತಿದ್ದದ್ದೂ ಅದೇ ತಲೆ. ನನ್ನಂಥ ಒಬ್ಬಳು ಬದುಕಿರುವಾಗಲೇ ತನ್ನೊಳಗಿನ ದೀಪವನ್ನು ಕಣ್ಣಾರೆ ನೋಡುವ ಕಾಲ ಬಂದಿದೆ, ಅದನ್ನು ತೋರಿಸುತ್ತಿರುವುದು ನಾನೇ ವಿಜ್ಞಾನ ಹೇಳಿಕೊಟ್ಟ ಹುಡುಗಿ. ಕೈ ಮುಗಿಯಬೇಕೆನಿಸಿತು. ಯಾರಿಗೆ ಎಂದು ಗೊತ್ತಾಗಲಿಲ್ಲ, ಪರದೆಗೇ ಮುಗಿದೆ.

ಕಾಯಿಲೆಯನ್ನು ತಡೆಯುವ ಔಷಧ ಇನ್ನೂ ಇಲ್ಲ ಎಂದು ಹೆಲೆನಾ ಮುಚ್ಚುಮರೆಯಿಲ್ಲದೆ ಹೇಳಿದರು. ವ್ಯಾಯಾಮ ಬಿಡಬೇಡಿ ಎಂದರು. ನಿಮ್ಮಂಥವರು ಮತ್ತೆ ಮತ್ತೆ ಬಂದು ಚಿತ್ರ ತೆಗೆಸಿಕೊಂಡರೆ ಔಷಧ ಹುಡುಕುವವರಿಗೆ ದಾರಿ ಸಿಗುತ್ತದೆ, ಬರುತ್ತೀರಾ ಎಂದು ಕೇಳಿದರು. ಬರುತ್ತೇನೆ ಅಂದೆ. ನಾಗವೇಣಿ ಅದನ್ನು ಫಿನ್ನಿಷ್ ಭಾಷೆಗೆ ತರುವಾಗ ಅವಳ ಧ್ವನಿ ಒಡೆಯಿತು.

ಔರಾ ನದಿಯ ದಂಡೆ

ಊರಿನ ನಡುವೆ ಔರಾ ಎಂಬ ನದಿ ಹರಿಯುತ್ತದೆ. ನಮ್ಮ ಕಡೆಯ ಜಯಮಂಗಲಿ ಹೊಳೆಯಲ್ಲಿ ಮರಳೇ ಹೆಚ್ಚಾಗಿ ನೋಡಿದ ನಮಗೆ ದಡದವರೆಗೂ ತುಂಬಿದ ನೀರು ನೋಡುತ್ತಾ ಕೂರುವುದೇ ಒಂದು ಹಬ್ಬ. ಅವತ್ತು ಅಕ್ಕ ನೀರು ನೋಡಲಿಲ್ಲ. ತನಗೆ ಬಂದಿದ್ದರೆ ಆಗುತ್ತಿತ್ತು, ತಾನು ಎಲ್ಲಕ್ಕೂ ತಯಾರಾಗಿ ಬಂದಿದ್ದೆ, ಓದಿದವಳಿಗೆ ಯಾಕೆ ಬರಬೇಕಿತ್ತು ಎಂದು ದೇವರ ಜೊತೆ ಜಗಳ ಆಡಿದಳು. ನಾನು, ಇದನ್ನು ಊರಿನಲ್ಲಿ ಯಾರಿಗೂ ಹೇಳಬೇಡ ಅಂದೆ. ಸ್ಟಾಫಿನವರು, ಮಕ್ಕಳು, ಬಸ್ಸಿನಲ್ಲಿ ಜೊತೆಗೆ ಬರುವವರು ಎಲ್ಲರೂ ದಿನಾ ನನ್ನ ಕೈಯನ್ನೇ ಕಾಯುತ್ತಾ ಕೂರುತ್ತಾರೆ, ಅದು ನನಗೆ ಬೇಡ.

ಅಕ್ಕ ನನ್ನ ಬಲಗೈಯನ್ನು ತೆಗೆದುಕೊಂಡು, ಬಳೆ ತೊಡಿಸುವವರು ಒತ್ತಿ ನೋಡುವ ಹಾಗೆ ಗೆಣ್ಣನ್ನು ಒತ್ತಿ ನೋಡಿದಳು. ನನ್ನ ಕೈ ನೆಟ್ಟಗಿತ್ತು. ಅವಳದು ನಡುಗುತ್ತಿತ್ತು.

"ಅಪ್ಪುಂಗೆ ಗೊತ್ತಾಗೋ ವತ್ಗೆ ಕೈ ಕೆಟ್ಟೋಗಿತ್ತು. ನಿಂಗೆ ಕೈ ನೆಟ್ಗಿರೋವಾಗ್ಲೇ ಗೊತ್ತಾಗೈತೆ. ಅಪ್ಪ ಟವಲ್ ಒಳ್ಗೆ ಬಚ್ಚಿಕ್ಕಂಡು ಏನ್ ಕಂಡ? ಅಂಗೆ ನೀನೂ ಬಚ್ಚಿಕ್ಕಣಕ್ಕೆ ಓಗ್ಬ್ಯಾಡ ಕಣೇ."

ನನಗೆ ಅಳು ಬಂತು. ಸ್ವಲ್ಪ ದೂರದ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ನಾನು ಅಳುವುದನ್ನು ನೋಡಿ ಎದ್ದು ಬಂದು, ಏನೂ ಕೇಳದೆ, ನಮ್ಮದೇ ಬೆಂಚಿನ ತುದಿಯಲ್ಲಿ ಕೂತಳು. ಆ ಊರಿನಲ್ಲಿ ಒಬ್ಬರು ಇನ್ನೊಬ್ಬರ ಪಕ್ಕ ತಾವಾಗಿ ಬಂದು ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನ ಅಳು ನಿಂತ ಮೇಲೆ ತಲೆಬಾಗಿ ಎದ್ದು ಹೋದಳು.

ಕೊಡಿಗೇನಹಳ್ಳಿ

ಊರಿಗೆ ಬಂದ ದಿನವೇ ಯಜಮಾನರಿಗೆ ಹೇಳಿದೆ. ಅವರು, ಇದು ನಮ್ಮಿಬ್ಬರಲ್ಲೇ ಇರಲಿ, ಹೊರಗೆ ಬಾಯಿ ಬಿಡಬೇಡ ಅಂದರು. ನನಗೂ ಅದೇ ಸರಿ ಎನಿಸಿ ಹೂಂ ಎಂದೆ. ತಿರುಮಣಿಯಲ್ಲಿ ಅಕ್ಕ ಮಾತ್ರೆ ನುಂಗುತ್ತಾ ಮತ್ತೆ ಅಂಗಡಿ ತೆಗೆದಳು.

ರಜೆ ಮುಗಿದು ಶಾಲೆ ಶುರುವಾಯಿತು. ಹತ್ತನೇ ಕ್ಲಾಸಿಗೆ ನರಮಂಡಲದ ಪಾಠ ಬಂತು. ಪುಸ್ತಕದಲ್ಲಿ ಮಿದುಳಿನ ಒಂದು ಗೆರೆಚಿತ್ರವಿದೆ, ಪ್ರತಿ ವರ್ಷ ಅದನ್ನೇ ತೋರಿಸಿ ಮುಗಿಸುತ್ತಿದ್ದೆ. ನಾಗವೇಣಿ ಕೊಟ್ಟ ಚಿತ್ರದ ಫಿಲ್ಮು ನನ್ನ ಬ್ಯಾಗಿನಲ್ಲೇ ಇತ್ತು. ಯಾಕೆ ತೆಗೆದೆನೋ ಗೊತ್ತಿಲ್ಲ. ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ.

ಇದು ಬದುಕಿರುವ ಮನುಷ್ಯರ ಮಿದುಳು, ಈ ಬೆಳಕು ಇರುವುದರಿಂದಲೇ ನೀವು ಪೆನ್ನು ಹಿಡಿಯುವುದು, ಓಡುವುದು ಎಂದು ಹೇಳಿದೆ. ಬಲಗಡೆ ಯಾಕೆ ಮಬ್ಬಾಗಿದೆ ಎಂದು ಒಬ್ಬಳು ಕೇಳಿದಳು. ಅಲ್ಲಿ ಕೋಶಗಳು ಸಾಯುತ್ತಿವೆ, ಮುಂದೆ ಇವರ ಕೈ ನಡುಗಬಹುದು, ಇವರಿಗೆ ಅದು ಮೊದಲೇ ಗೊತ್ತಾಗಿದೆ ಅಂದೆ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಇದು ಯಾರ್ದು ಮೇಡಂ?"

ಯಾರೋ ಒಬ್ಬರದು ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಫಿಲ್ಮು ಹಿಡಿದ ನನ್ನ ಕೈಯನ್ನು ನೋಡಿಕೊಂಡೆ. ಅದು ಅಲುಗಾಡದೆ ಇತ್ತು.

"ನಂದು ಕಣಮ್ಮ," ಅಂದೆ.

ಹಿಂದಿನ ಬೆಂಚಿನವರಿಗೆ ಕಾಣುತ್ತಿರಲಿಲ್ಲ. ಒಬ್ಬೊಬ್ಬರಾಗಿ ಎದ್ದು ನಿಂತರು. ಹತ್ತಿರ ಬಂದು ನೋಡಿ ಎಂದು ಎಲ್ಲರನ್ನೂ ಕರೆದೆ.